ಸಿಂಬೆ ತಿಂದ ನೆತ್ತಿ, ಮಾತ್ರೆ ತಿಂದ ಜಡೆ

ನಮ್ಮ ಬಚ್ಚಲುಮನೆಯ ಗೋಡೆಯಲ್ಲಿ ಒಂದು ಇಟ್ಟಿಗೆ ಬಿದ್ದುಹೋಗಿ ಆದ ಗೂಡೊಂದಿದೆ. ಮನೆ ಕಟ್ಟಿದಾಗಿನಿಂದ ನಮ್ಮ ಮನೆಯ ಹೆಂಗಸರ ಉದುರಿದ ಕೂದಲೆಲ್ಲ ಹೋಗಿ ಸೇರುವುದು ಅಲ್ಲಿಗೇ. ತಲೆ ಬಾಚಿಕೊಂಡ ಮೇಲೆ ಬಾಚಣಿಗೆಯ ಹಲ್ಲಿಗೆ ಸಿಕ್ಕಿದ್ದನ್ನು ಬಿಡಿಸಿ, ಬೆರಳಿಗೆ ಸುತ್ತಿ, ಉಂಡೆ ಮಾಡಿ, ಥೂ ಎಂದು ಒಂದು ಸಲ ಉಗಿದು ಗೂಡಿಗೆ ತುರುಕುವುದು ನಮ್ಮ ಕಡೆಯ ಪದ್ಧತಿ. ಬೀದಿಗೆ ಎಸೆದರೆ ದರಿದ್ರ, ಒಲೆಗೆ ಹಾಕಿದರೆ ನಾತ, ಗಂಡಸರ ಮುದ್ದೆಯಲ್ಲಿ ಸಿಕ್ಕರಂತೂ ಮೂರು ದಿನದ ಮಾತು. ಗೂಡಿನಲ್ಲಿದ್ದರೆ ಎರಡು ತಿಂಗಳಿಗೊಮ್ಮೆ ಸುಬ್ಬನ್ನ ಮೊಪೆಡ್ ಮೇಲೆ ಬಂದು, ತೆಲುಗಿನಲ್ಲೊಂದು ಸಲ ಕನ್ನಡದಲ್ಲೊಂದು ಸಲ ಕೂಗಿ, ಕೂದಲು ತೆಗೆದುಕೊಂಡು ಬದಲಿಗೆ ಪಾತ್ರೆಯನ್ನೋ ತಲೆಪಿನ್ನನ್ನೋ ಕೊಟ್ಟು ಹೋಗುತ್ತಾನೆ. ಹಲ್ಲು ಉದುರಿತು, ಯಾರೂ ಒಂದು ಚಮಚವನ್ನೂ ಕೊಡಲಿಲ್ಲ. ಉದುರಿದ್ದಕ್ಕೆ ಪ್ರತಿಫಲ ಸಿಗುವುದು ಕೂದಲೊಂದಕ್ಕೇ.

ಹೋದ ವರ್ಷ ಯುಗಾದಿ ಕಳೆದ ಮೇಲೆ ಆ ಗೂಡು ಹದಿನೈದು ದಿನಕ್ಕೇ ತುಂಬಿಬಿಟ್ಟಿತು. ಮೊದಲು ನನಗೆ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ. ಸುಬ್ಬನ್ನನ ಮೊಪೆಡ್ಡಿಗೆ ತೂಗುಬಿದ್ದ ಪಾತ್ರೆಗಳಲ್ಲಿ ಒಂದು ಮುಚ್ಚಳದ ಸ್ಟೀಲು ಡಬ್ಬದ ಮೇಲೆ ಬಹಳ ಕಾಲದಿಂದ ನನ್ನ ಕಣ್ಣಿತ್ತು. ಈ ಸಲ ಅದು ನನ್ನದೇ ಎಂದುಕೊಂಡೆ. ಆಮೇಲೆ ಉಂಡೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಸೊಸೆ ಮಂಜುಳಳ ಕೂದಲು ಕಪ್ಪು, ಉದ್ದ. ಇಲ್ಲಿ ರಾಶಿ ಬಿದ್ದಿದ್ದೆಲ್ಲ ಬೆಳ್ಳಿ. ನಮ್ಮ ಮನೆಯಲ್ಲಿ ಬೆಳ್ಳಿ ಇರುವುದು ನನ್ನ ತಲೆಯೊಂದರಲ್ಲೇ.

ನೆತ್ತಿ ಬೋಳಾಗುವುದು ನನಗೇನೂ ಹೊಸದಲ್ಲ. ಕ್ಯಾಸಂಬಳ್ಳಿಯಿಂದ ಊರಿಗಾಂ ಚಿನ್ನದ ಗಣಿಯ ಲೈನುಮನೆಗಳಿಗೆ ಸೊಪ್ಪಿನ ಮಂಕರಿ ಹೊತ್ತು ಬದುಕಿದವಳು ನಾನು. ಹಳೇ ಸೀರೆಯ ತುಂಡನ್ನು ಬಳೆಯಂತೆ ಸುತ್ತಿ ಸಿಂಬೆ ಮಾಡಿ, ಅದನ್ನು ನೆತ್ತಿಯ ಮೇಲಿಟ್ಟು, ಅದರ ಮೇಲೆ ನೀರು ತೊಟ್ಟಿಕ್ಕುವ ದಂಟು, ಕೀರೆ, ಮೆಂತ್ಯದ ಭಾರ ಹೊತ್ತು ಮನೆಮನೆ ತಿರುಗಿದರೆ, ಸಿಂಬೆ ಕೂತ ಜಾಗದಲ್ಲಿ ಕೂದಲು ತಾನೇ ತಾನಾಗಿ ಜಾಗ ಖಾಲಿ ಮಾಡುತ್ತದೆ. ನಮ್ಮ ಕಸುಬಿನ ಎಲ್ಲ ಹೆಂಗಸರಿಗೂ ಅದಿತ್ತು. ಬಸ್ ಸ್ಟಾಪಿನಲ್ಲಿ ಗಾಳಿಗೆ ಸೆರಗು ಜಾರಿದರೆ ಬೋಳು ನೋಡಿಯೇ ಯಾರು ಏನು ಹೊರುವವಳೆಂದು ಹೇಳಬಹುದಾಗಿತ್ತು: ಸೊಪ್ಪಿನವಳದು ನಡುನೆತ್ತಿಗೆ ದುಂಡಗೆ, ಬಿಂದಿಗೆಯವಳದು ಕೊಂಚ ಹಿಂದಕ್ಕೆ, ಸೌದೆಯವಳದು ಅಡ್ಡಡ್ಡಕ್ಕೆ. ಅದನ್ನು ಕಂಡು ಯಾರೂ ಮರುಗಲಿಲ್ಲ, ಯಾರೂ ಎಣ್ಣೆ ಮಾರಲು ಬರಲಿಲ್ಲ. ಸುತ್ತಲಿನ ಕೂದಲನ್ನು ಎಳೆದು ಗಂಟು ಹಾಕಿ ಮುಚ್ಚಿಕೊಂಡರೆ ಮುಗಿಯಿತು.

ಈಗ ಹೋಗುತ್ತಿದ್ದದ್ದು ಆ ಸುತ್ತಲಿನದು. ಮುಚ್ಚಬೇಕಾದ್ದೇ ಓಡಿಹೋಗಲು ಶುರುಮಾಡಿದರೆ ಬೋಳು ಏನು ಮಾಡೀತು ಹೇಳಿ.

ತಲೆಕೂದಲು ಉದುರುವ ವಿಷಯದಲ್ಲಿ ಪ್ರಪಂಚದಲ್ಲಿರುವಷ್ಟು ಪಂಡಿತರು ಬೇರೆ ಯಾವ ವಿಷಯದಲ್ಲೂ ಇಲ್ಲ. ಬೋರ್‌ವೆಲ್ ನೀರಿನ ಉಪ್ಪು ಎಂದವರುಂಟು. ಶಾಂಪೂ ಎಂದವರುಂಟು, ನಾನು ಜನ್ಮದಲ್ಲಿ ಸೀಗೆಕಾಯಿ ಬಿಟ್ಟು ಬೇರೆ ಕಂಡವಳಲ್ಲ. ಪಕ್ಕದ ಮನೆಯವಳು ದೃಷ್ಟಿ ಎಂದಳು. ನನ್ನ ತಲೆಯನ್ನು ಕಂಡು ಹೊಟ್ಟೆಕಿಚ್ಚುಪಡುವ ಹೆಂಗಸು ಈ ಭೂಮಿಯ ಮೇಲಿದ್ದರೆ ಅವಳನ್ನು ಕರೆದು ಕುಂಕುಮ ಕೊಡಬೇಕು. ನಾನು ನಂಬಿದ್ದು ಸೆಲ್ವಿಯನ್ನು. ಸೆಲ್ವಿ ಊರಿಗಾಂ ಲೈನಿನವಳು, ಮೊದಲು ನನ್ನ ಗಿರಾಕಿ, ಆಮೇಲೆ ಗೆಳತಿ. ಅವಳ ಗಂಡ ಗಣಿಯಲ್ಲಿದ್ದವನು. ಅವನ ತಲೆ ಹೆಲ್ಮೆಟ್ಟಿನಿಂದ ಬೋಳಾಯಿತೆಂದು ಅವಳು, ತನ್ನ ಅಪ್ಪನಿಂದ ಬಂದದ್ದೆಂದು ಅವನು, ಗಣಿ ಮುಚ್ಚಿ ಇಷ್ಟು ವರ್ಷವಾದರೂ ವಾದ ಮುಗಿದಿಲ್ಲ. ಹೆಲ್ಮೆಟ್ ತೆಗೆದ ಮೇಲೂ ಒಂದೆಳೆ ಬರಲಿಲ್ಲವಾದ್ದರಿಂದ ನನ್ನ ಓಟು ಅವನಿಗೆ.

“ಅಯ್ಯೋ, ಎನ್ನಕ್ಕಾ ಇದು! ಮಂಡೆ ತುಂಬ ಮೈದಾನ!” ಎಂದಳು ಸೆಲ್ವಿ, ನನ್ನ ಸೆರಗು ಎತ್ತಿ ನೋಡಿ. “ಚಿನ್ನ ಈರುಳ್ಳಿ ಅರ್ದು ರಸ ಹಚ್ಚಕ್ಕಾ. ಸುಮ್ನೆ ಮೊಳೀತದೆ.”

ಚಿನ್ನ ಅಂದರೆ ಅವಳ ತಮಿಳಿನಲ್ಲಿ ಸಣ್ಣದು, ಗಣಿಯ ಚಿನ್ನವಲ್ಲ. ಹಚ್ಚಿದೆ. ಸೆಲ್ವಿಯನ್ನು ನೋಡಿಕೊಂಡು ಊರಿಗಾಂನಿಂದ ಬರುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಆ ತಿಂಗಳೆಲ್ಲ ಖಾಲಿ ಇತ್ತು, ಕಾಲು ಚಾಚಿಕೊಂಡು ಬರುತ್ತಿದ್ದೆ. ಅದಷ್ಟೇ ಅದರಿಂದಾದ ಗುಣ.

ಆಮೇಲೆ ಕಳ್ಳತನಕ್ಕಿಳಿದೆ. ನನ್ನ ಮಗ ರವಿ ಹಾಲಿನ ವ್ಯಾನು ಓಡಿಸುತ್ತಾನೆ. ಅವನ ಹಣೆ ವರ್ಷಕ್ಕೆ ಒಂದು ಬೆರಳಿನಷ್ಟು ಮೇಲಕ್ಕೆ ಒತ್ತುವರಿ ಮಾಡುತ್ತಿರುವುದರಿಂದ ಚರ್ಮದ ಡಾಕ್ಟರು ಒಂದು ಬಾಟಲಿ ಕೊಟ್ಟಿದ್ದರು. ಮೊದಲು ಇನ್ನಷ್ಟು ಉದುರುತ್ತದೆ, ಹೆದರಬೇಡ, ಆಮೇಲೆ ಬರುತ್ತದೆ, ಬಿಟ್ಟರೆ ಮತ್ತೆ ಹೋಗುತ್ತದೆ ಎಂದು ಹೇಳಿದ್ದರಂತೆ. ಸಾಲಗಾರನ ಮಾತಿನ ಹಾಗಿದೆ ಎಂದು ಅವತ್ತು ನಾನೇ ನಕ್ಕಿದ್ದೆ. ಈಗ ನಾನೇ ಅವನು ವ್ಯಾನು ಹತ್ತಿದ ಮೇಲೆ ಬಾಟಲಿ ಇಳಿಸತೊಡಗಿದೆ. ಅವನು ಹನಿ ಲೆಕ್ಕದಲ್ಲಿ ಹಾಕಿಕೊಳ್ಳುತ್ತಿದ್ದ. ನಾನು ಹರಳೆಣ್ಣೆಯ ಅಭ್ಯಾಸದವಳು, ಅಂಗೈ ತುಂಬ ಸುರಿದು ಮುಖದವರೆಗೂ ಇಳಿಯುವ ಹಾಗೆ ತಟ್ಟಿಕೊಂಡೆ. ತಲೆ ನವೆಯಾಯಿತು. ಎರಡು ತಿಂಗಳಿಗೆ ಕೂದಲು ಬಂದದ್ದು ನಿಜ, ಕೆನ್ನೆಯ ಮೇಲೆ.

“ಅಮ್ಮ, ನನ್ ಬಾಟ್ಲು ಯಾರ್ ಕುಡೀತಾವ್ರೆ?” ಎಂದು ಕೇಳಿದ ರವಿ.

“ಬೆಕ್ಕು ಉರುಳಿಸ್ತು ಕಣ್ಲಾ.”

ಅವನು ನನ್ನ ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿಕೊಂಡು ನೋಡಿದ. “ಬೆಕ್ಕಿಗೆ ಮೀಸೆ ಮೊದ್ಲಿಂದ್ಲೂ ಐತೆ. ನಿಂಗ್ಯಾವಾಗ ಬಂತಮ್ಮೋ?”

ಇಷ್ಟರವರೆಗೆ ನಗುವ ವಿಷಯ. ಮುಂದಿನದನ್ನೂ ನಾನು ನಕ್ಕೇ ಹೇಳುತ್ತೇನೆ, ಆದರೆ ಆಗ ಅದು ನಗುವ ವಿಷಯವಾಗಿರಲಿಲ್ಲ.

ನನಗೆ ಬಿ.ಪಿ. ಇದೆ. ಸಂಕ್ರಾಂತಿಯ ಹೊತ್ತಿಗೆ ಬಂಗಾರಪೇಟೆಯ ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ಊದಿಸಿ ನೋಡಿ, ದಿನಾ ಬೆಳಿಗ್ಗೆ ಒಂದೊಂದು ಗುಲಾಬಿ ಮಾತ್ರೆ ಬರೆದುಕೊಟ್ಟಿದ್ದಳು. ಮಾತ್ರೆ ನನ್ನ ಬಾಯಿಗೆ, ಕಾವಲು ಮಂಜುಳಳದು. ಅವಳ ಅಮ್ಮನಿಗೂ ಬಿ.ಪಿ. ಇತ್ತು, ಆಯಮ್ಮ ಮಾತ್ರೆ ಬಿಟ್ಟು, ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದು, ಅರ್ಧ ಮೈ ಹೋಯಿತು. ಎರಡು ವರ್ಷ ಮಂಜುಳ ಕೆಲಸ ಬಿಟ್ಟು ಅಮ್ಮನ ಆರೈಕೆ ಮಾಡಿದಳು. ಅಮ್ಮ ತೀರಿಕೊಂಡ ಮೇಲೆ ಮತ್ತೆ ವೈಟ್‌ಫೀಲ್ಡ್ ಕಡೆಯ ಹೊಲಿಗೆ ಫ್ಯಾಕ್ಟರಿಗೆ ಸೇರಿ, ಮುಂಜಾನೆಯ ರೈಲು ಹಿಡಿಯುತ್ತಾಳೆ. ಹಸು, ಒಲೆ, ಮನೆ ನನ್ನದು. ನಾನು ನೆಟ್ಟಗೆ ನಿಂತಿದ್ದರೆ ಅವಳ ರೈಲು. ನಾನು ಬಿದ್ದರೆ ಅವಳು ಮತ್ತೆ ಹಾಸಿಗೆಯ ಪಕ್ಕ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಸೆಲ್ವಿ ಒಂದು ದಿನ, ಬಿ.ಪಿ. ಮಾತ್ರೆಯಿಂದಲೂ ಕೂದಲು ಹೋಗುತ್ತದಂತೆ ಎಂದು ಸುಮ್ಮನೆ ಬಾಯಿಗೆ ಬಂದದ್ದನ್ನು ಆಡಿದಳು. ಹೊತ್ತು ಕಳೆಯಲು ಆಡಿದ ಮಾತು. ನಾನು ಗಂಟು ಕಟ್ಟಿಕೊಂಡೆ. ಲೆಕ್ಕ ಹಾಕಿದೆ: ಸಂಕ್ರಾಂತಿಗೆ ಮಾತ್ರೆ, ಯುಗಾದಿಗೆ ಉದುರು. ಸರಿಹೋಯಿತು. ಮರುದಿನದಿಂದ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡಂತೆ ಮಾಡಿ ಅಂಗೈಯಲ್ಲೇ ಉಳಿಸಿಕೊಂಡು, ಮೇಲೆ ನೀರು ಕುಡಿದು, ನುಂಗಿದವಳಂತೆ ತಲೆ ಹಿಂದಕ್ಕೆ ಬಾಗಿಸತೊಡಗಿದೆ. ಮಂಜುಳ ಚಪ್ಪಲಿ ಮೆಟ್ಟುತ್ತಾ ನೋಡಿ ತೃಪ್ತಿಪಟ್ಟು ಓಡುತ್ತಿದ್ದಳು. ಆ ಮಾತ್ರೆಯನ್ನು ಬಿಸಾಡುವುದೆಲ್ಲಿ? ಅಂಗಳಕ್ಕೆ ಎಸೆದರೆ ಕೋಳಿ ಹೆಕ್ಕುತ್ತವೆ, ತಿಪ್ಪೆಗೆ ಹಾಕಿದರೆ ಹಸು ಮೂತಿ ಇಡುತ್ತದೆ. ನನ್ನ ಬಿ.ಪಿ.ಗೆ ಅವೇನು ತಪ್ಪು ಮಾಡಿವೆ? ಮನೆಯಲ್ಲಿ ಯಾರೂ ಕೈ ಹಾಕದ ಜಾಗ ಒಂದೇ. ಬಾಚಿದ ಕೂದಲಿನ ನಡುವೆ ಮಾತ್ರೆಯಿಟ್ಟು, ಸುತ್ತಿ, ಉಂಡೆ ಮಾಡಿ, ಥೂ ಎಂದು ಉಗಿದು ಗೂಡಿಗೆ ತುರುಕಿದೆ. ಬೇಸಿಗೆಗೆ ತನ್ನೂರ ಕಡೆ ಹೋದ ಸುಬ್ಬನ್ನ ಆಷಾಢ ಬಂದರೂ ತಲೆ ಹಾಕಿರಲಿಲ್ಲ, ಗೂಡು ಗಟ್ಟಿಯಾಯಿತು.

ಕೂದಲು ಉದುರುವುದು ನಿಂತಿತೋ ಎಂದರೆ ಅದೂ ಇಲ್ಲ. ನಿಂತದ್ದು ನಾನು. ಒಂದು ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕಲು ಬಗ್ಗಿದವಳಿಗೆ ಕಣ್ಣು ಕಪ್ಪಿಟ್ಟು, ಹಸುವಿನ ಕೊರಳಿಗೆ ಆತುಕೊಂಡು ನಿಂತೆ. ಹಿಂದಲೆಯಲ್ಲಿ ಒನಕೆ ಕುಟ್ಟಿದ ಹಾಗೆ. ಬಿಸಿಲು ಎಂದುಕೊಂಡೆ. ಆಷಾಢದಲ್ಲಿ, ಮೋಡ ಕವಿದಿದ್ದ ದಿನ.

ಸುಬ್ಬನ್ನ ಬಂದದ್ದು ಒಂದು ಭಾನುವಾರ. ಮಂಜುಳ ಮನೆಯಲ್ಲೇ ಇದ್ದಳು, ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನು ಗೂಡು ಬರಿದುಮಾಡಿ, ಡಬ್ಬದ ಆಸೆಯಲ್ಲಿ, ಒಳಗಿದ್ದದ್ದನ್ನು ಸಂಪೂರ್ಣ ಮರೆತು, ಮೊರದ ತುಂಬ ತಂದು ಅವನ ಮುಂದೆ ಸುರಿದೆ. ಕೂದಲಿನವರು ಉಂಡೆಯನ್ನು ಹಾಗೇ ತೂಗುವುದಿಲ್ಲ. ಒಳಗೆ ಮಣ್ಣು, ಕಲ್ಲು ಇಟ್ಟು ತೂಕ ಹೆಚ್ಚಿಸುವ ಮಹಾತಾಯಂದಿರು ಊರೂರಿಗೂ ಇರುವುದರಿಂದ ಒಂದೊಂದನ್ನೂ ಬಿಡಿಸಿ ಒದರುತ್ತಾರೆ. ಸುಬ್ಬನ್ನ ಮೊದಲನೆಯದನ್ನು ಒದರಿದ. ಟಪ್ ಎಂದು ಗುಲಾಬಿ ಮಾತ್ರೆ ಜಗಲಿಗೆ ಬಿತ್ತು. ಎರಡನೆಯದನ್ನು ಒದರಿದ. ಮತ್ತೊಂದು. ಅಕ್ಕಿಯ ಮೇಲೊಂದು ಉರುಳಿತು.

“ಅಮ್ಮೋ!” ಎಂದ ಸುಬ್ಬನ್ನ, ಹಣೆ ಚಚ್ಚಿಕೊಂಡು. “ತೂಕುಕ್ಕೆ ಕಲ್ಲು ಆಕೋರ ನೋಡಿವ್ನಿ, ಮಣ್ಣು ಆಕೋರ ನೋಡಿವ್ನಿ. ಮಾತ್ರೆ ಆಕೋರ ಇದೇ ಮೊದ್ಲು! ಏಮ್ಮಾ, ನಂಗೇ ಮೋಸಾನಾ?”

ಮಂಜುಳ ಅಕ್ಕಿಯ ಮೊರ ಪಕ್ಕಕ್ಕಿಟ್ಟು, ಉರುಳಿದ ಮಾತ್ರೆಗಳನ್ನೆಲ್ಲ ಒಂದೊಂದಾಗಿ ಆರಿಸಿ ಮಡಿಲಿಗೆ ಹಾಕಿಕೊಂಡಳು. ಅವಳು ಬೈದಿದ್ದರೆ ನಾನೂ ಬೈಯುತ್ತಿದ್ದೆ. ಬೈಗುಳದಲ್ಲಿ ನನ್ನನ್ನು ಸೋಲಿಸುವವಳು ಅವಳಲ್ಲ.

“ಏನತ್ತೆ ಇದು?”

“ಕೂದ್ಲು ಓಯ್ತಿತ್ತು ಕಣಮ್ಮಿ.”

“ಕೂದ್ಲು ಓದ್ರೆ ಸೆರಗು ಒದ್ಕೋಬೋದು. ನೀನ್ ಓದ್ರೆ ನಾನು ಏನ್ ಒದ್ಕೊಳ್ಲಿ?” ಅಷ್ಟು ಹೇಳಿ ಮೂಗು ಒರೆಸಿಕೊಂಡು, “ನಾಳೆ ನಾನು ರೈಲಿಗೆ ಓಗಲ್ಲ. ಆಸ್ಪತ್ರೆಗೆ ಓಗಾನ ನಡಿ,” ಎಂದಳು.

ಸುಬ್ಬನ್ನ ನಮ್ಮಿಬ್ಬರ ಮುಖ ನೋಡಿ, ತಾನೇ ಏನೋ ಅಪರಾಧ ಮಾಡಿದವನಂತೆ ಗಂಟಲು ಸರಿಮಾಡಿಕೊಂಡು, ಬಿಳಿಕೂದಲಿಗೆ ಬೆಲೆ ಕಡಿಮೆ ಎಂಬ ತನ್ನ ಯಾವತ್ತಿನ ವರಾತವನ್ನೂ ಎತ್ತದೆ, ಮೊಪೆಡ್ಡಿನಿಂದ ಒಂದು ಡಬ್ಬ ಬಿಚ್ಚಿ ಕೊಟ್ಟ. ನಾನು ಕಣ್ಣಿಟ್ಟದ್ದಲ್ಲ, ಅದರ ಮೊಮ್ಮಗು, ಅಂಗೈಯಷ್ಟು. “ಇದ್ರಾಗೆ ಆಕ್ಕೊಳ್ಳಮ್ಮೋ ಮಾತ್ರೆ. ಕೂದ್ಲಾಗೆ ಬ್ಯಾಡ.”

ಡಾಕ್ಟರು ಹುಡುಗಿ ಪಟ್ಟಿ ಊದಿಸಿ ನೋಡಿದಳು, ಇನ್ನೊಂದು ಸಲ ಊದಿಸಿ ನೋಡಿದಳು, ನನ್ನನ್ನು ಮಲಗಿಸಿ ಮೂರನೇ ಸಲ ನೋಡಿದಳು. ಮಂಜುಳಳಿಂದ ನಡೆದದ್ದೆಲ್ಲ ತಿಳಿದ ಮೇಲೆ ನನ್ನನ್ನು ಕೇಳಿದ ಮಾತು ಒಂದೇ: “ನನಗ್ಯಾಕೆ ಹೇಳಲಿಲ್ಲ ಅಜ್ಜಿ?”

“ಈ ವಯಸ್ಸಲ್ಲಿ ಜಡೆ ಬೇಕಾ ಮುದ್ಕೀ ಅಂತ ನಗ್ತೀರಿ ಅಂತ.”

ನಗಲಿಲ್ಲ. ತನ್ನ ಕ್ಲಿಪ್ಪು ಬಿಚ್ಚಿ ಬೈತಲೆ ತೋರಿಸಿದಳು. ಹೆರಿಗೆಯಾದ ಮೇಲೆ ಹಿಡಿಹಿಡಿ ಹೋಯಿತಂತೆ, ಈಗೀಗ ಬರುತ್ತಿದೆಯಂತೆ. ಜ್ವರ ಬಂದು ಹೋದರೂ ಉದುರುತ್ತದೆ, ರಕ್ತ ಕಡಿಮೆಯಾದರೂ ಉದುರುತ್ತದೆ, ಥೈರಾಯ್ಡಿಗೂ ಉದುರುತ್ತದೆ. ಸೆಲ್ವಿ ಹೇಳಿದ್ದೂ ಸುಳ್ಳಲ್ಲ, ಈ ಜಾತಿಯ ಬಿ.ಪಿ. ಮಾತ್ರೆಯಿಂದ ಕೆಲವರಿಗೆ ಹೀಗಾಗುವುದುಂಟು. ಆದರೆ ಬದಲಿಗೆ ಕೊಡಲು ಬೇರೆ ಎಷ್ಟೋ ಬಗೆ ಇವೆ, ಕೇಳಬೇಕು. ಇದನ್ನು ಹೇಳದೆ ಕೇಳದೆ ತಟ್ಟನೆ ಬಿಟ್ಟರೆ ಬಿ.ಪಿ. ಒಮ್ಮೆಲೇ ಹಾರುತ್ತದೆ, ಹಸು ಅಡ್ಡ ಇತ್ತೆಂದು ಬಚಾವಾದಿರಿ ಎಂದಳು. ಮಗನ ಬಾಟಲಿಯ ಕಥೆ ಕೇಳಿದಾಗ ಮಾತ್ರ ತಡೆಯಲಾಗದೆ ನಕ್ಕಳು. ಅದನ್ನು ನಿಲ್ಲಿಸಿದರೆ ಕೆನ್ನೆಯ ಬೆಳೆ ತಾನೇ ಒಣಗುತ್ತದಂತೆ. ರಕ್ತ ಪರೀಕ್ಷೆ ಮಾಡಿಸಿ, ಅದೂ ಕೊಂಚ ಕಡಿಮೆ ಎಂದು ಕಬ್ಬಿಣದ ಮಾತ್ರೆ ಸೇರಿಸಿ, ಗುಲಾಬಿಯ ಬದಲು ಬಿಳಿ ಮಾತ್ರೆ ಬರೆದಳು. ಕೊನೆಗೆ ನನ್ನ ನೆತ್ತಿಗೆ ಟಾರ್ಚು ಬಿಟ್ಟು, “ಸುತ್ತಲಿನದು ಬರುತ್ತೆ, ನಾಲ್ಕೈದು ತಿಂಗಳಾಗಬಹುದು. ಈ ನಡುವಿನದು ಬರಲ್ಲ ಅಜ್ಜಿ, ಬೇರು ಸಮೇತ ಹೋಗಿದೆ,” ಎಂದಳು.

“ಅದು ಬುಡವ್ವ,” ಎಂದೆ. “ಅದು ದುಡಿದು ಓಗಿರೋದು.”

ಬಸ್ಸಿನಲ್ಲಿ ಬರುವಾಗ ಇದನ್ನೇ ಯೋಚಿಸಿದೆ. ಸಿಂಬೆ ಅಷ್ಟಗಲ ತಿಂದಾಗ ಒಂದು ದಿನವೂ ನಾಚಿಕೆಯಾಗದವಳಿಗೆ, ಮಾತ್ರೆ ನಾಲ್ಕೆಳೆ ತಿಂದದ್ದಕ್ಕೆ ಪ್ರಾಣ ಪಣಕ್ಕಿಡುವಷ್ಟು ನಾಚಿಕೆ ಎಲ್ಲಿಂದ ಬಂತು? ಆವಾಗ ಬಸ್ ಸ್ಟಾಪಿನ ತುಂಬ ನನ್ನಂಥವರೇ ಇದ್ದರು, ಗಾಳಿ ಬಂದರೆ ಎಲ್ಲರ ಸೆರಗೂ ಹಾರುತ್ತಿತ್ತು. ಈಗ ಒಬ್ಬಳೇ ಗೂಡಿನ ಮುಂದೆ ನಿಂತು ಉಂಡೆ ಸುತ್ತುತ್ತಿದ್ದೆ. ಡಾಕ್ಟರು ಹುಡುಗಿ ಕ್ಲಿಪ್ಪು ಬಿಚ್ಚಿ ತೋರಿಸಿದ ಗಳಿಗೆಯಲ್ಲಿ ನನ್ನ ಅರ್ಧ ಕಾಯಿಲೆ ಇಳಿದಿತ್ತು. ಉಳಿದರ್ಧಕ್ಕೆ ಬಿಳಿ ಮಾತ್ರೆ ಸಾಕಾಯಿತು.

ಆ ಮಾತ್ರೆ ಈಗ ಸುಬ್ಬನ್ನನ ಡಬ್ಬದಲ್ಲಿದೆ. ಅದರ ಮುಚ್ಚಳ ಬಿಗಿ, ತೆಗೆದರೆ ಠಣ್ ಎನ್ನುತ್ತದೆ. ಮಂಜುಳ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು, ಠಣ್ ಕೇಳಿ, ಆಮೇಲೆ “ಎಲ್ಲಿ, ನಾಲ್ಗೆ ಎತ್ತು” ಎನ್ನುತ್ತಾಳೆ. ಎತ್ತುತ್ತೇನೆ. “ಎಲ್ಲಿ, ಕೈ ಬಿಚ್ಚು” ಎನ್ನುತ್ತಾಳೆ. ಎರಡೂ ಕೈ ಬಿಚ್ಚಿ ತೋರಿಸುತ್ತೇನೆ. ರೈಲು ಇದುವರೆಗೆ ಮತ್ತೊಂದು ಸಲ ತಪ್ಪಿಲ್ಲ.

ಗೂಡು ಈಗ ಬೇಗ ತುಂಬುವುದಿಲ್ಲ. ನಿನ್ನೆ ಸುಬ್ಬನ್ನ ಬಂದಿದ್ದ. ನನ್ನ ಉಂಡೆಯನ್ನು ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ, ಆಮೇಲೆ ಬಿಡಿಸಿ ಒದರಿದ, ಒದರಿದ್ದನ್ನು ಅಂಗೈಯಲ್ಲಿಟ್ಟು ಬೇಸರದಿಂದ ನೋಡಿದ.

“ಏನೂ ಇಲ್ಲಮ್ಮೋ. ಮಾತ್ರೇನೂ ಇಲ್ಲ, ಕೂದ್ಲೂ ಇಲ್ಲ. ಇದುಕ್ಕೆ ಒಂದು ಪಿನ್ನು ಬತ್ತದೆ, ಅಷ್ಟೆ.”

ಪಿನ್ನು ಇಸಿದುಕೊಂಡೆ. ಸಿಕ್ಕಿಸಿಕೊಳ್ಳಲು ಈಗ ಅಷ್ಟು ಕೂದಲಿದೆ.