ಆರಿಸಲು ಬಾರದ ಹಗಲು ದೀಪ

ಐದೂ ಬೆರಳು ಒಮ್ಮೆ ಬಿಚ್ಚುವುದು, ಒಮ್ಮೆ ಮುಚ್ಚುವುದು. ಕೊಲ್ಹಾಪುರದಿಂದ ಇಚಲಕರಂಜಿಗೆ ಬರುವಷ್ಟರಲ್ಲಿ ಈ ಕೈಸನ್ನೆಯನ್ನು ಎಷ್ಟು ಜನ ಮಾಡುತ್ತಾರೋ, ಲೆಕ್ಕ ಇಡುವ ತಾಳ್ಮೆ ನನಗಿಲ್ಲ. ಬೈಕಿನವರು ಮಾಡುತ್ತಾರೆ, ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವವರು ಮಾಡುತ್ತಾರೆ, ಎದುರು ಬರುವ ಬಸ್ಸಿನ ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಹಾಕಿ ಮಾಡುತ್ತಾನೆ. ಅರ್ಥ ಒಂದೇ: ಹಾಡಹಗಲಲ್ಲಿ ನಿಮ್ಮ ಲೈಟ್ ಉರಿಯುತ್ತಿದೆ, ಆರಿಸಿ. ನನಗೆ ಗೊತ್ತಿದೆಯಪ್ಪಾ. ಆರಿಸಲು ಬರುವುದಿಲ್ಲ. ಬಂದಿದ್ದರೆ ಎಂದೋ ಆರಿಸುತ್ತಿದ್ದೆ.

ಇದು ಕರೆಂಟಿನ ಮೇಲೆ ಓಡುವ ಕಾರು. ನಾನೇ ಕೊಂಡದ್ದು, ನಾನೇ ಓಡಿಸುವುದು. ಸೀರೆಯೊಳಗಿನ ಪರಕರ, ನೈಟಿ ಹೊಲಿಸಿ ಮಾರುವ ಸಣ್ಣ ಧಂದೆ ನನ್ನದು. ಇಚಲಕರಂಜಿಯಲ್ಲಿ ಹೊಲಿಸಿದ್ದನ್ನು ಕೊಲ್ಹಾಪುರ, ಗಡಹಿಂಗ್ಲಜದ ಅಂಗಡಿಗಳಿಗೆ ಮುಟ್ಟಿಸಲು ಗಾಡಿ ಬೇಕಿತ್ತು. ಕಾರು ಒಳ್ಳೆಯದೇ, ಸುಳ್ಳು ಹೇಳಬಾರದು. ಆದರೆ ಮುಂದೆ ಎಡಕ್ಕೊಂದು ಬಲಕ್ಕೊಂದು ಬೆಳ್ಳನೆಯ ಪಟ್ಟಿದೀಪ ಇವೆ. ಕಾರು ಚಾಲೂ ಮಾಡಿದ್ದೇ ತಡ, ತಾವಾಗಿ ಹತ್ತಿಕೊಳ್ಳುತ್ತವೆ. ಕನ್ನಡಿ ಮಡಚಲು ಬಟನ್ ಇದೆ, ಸೀಟು ತಣ್ಣಗೆ ಮಾಡಲು ಬಟನ್ ಇದೆ, ಹಿಂದಿನ ಬಾಗಿಲು ಎತ್ತಲು ಬಟನ್ ಇದೆ. ಈ ಎರಡು ದೀಪ ಆರಿಸಲು ಮಾತ್ರ ಇಲ್ಲ.

ನನ್ನ ಗಂಡನಿಗೆ ಕಾರು ಓಡಿಸಲು ಬರುವುದಿಲ್ಲ, ಪಕ್ಕದಲ್ಲಿ ಕೂಡುತ್ತಾರೆ. ಮಜಾ ಏನೆಂದರೆ, ಕೈಸನ್ನೆ ಮಾಡುವವರು ನನಗೆ ಮಾಡುವುದಿಲ್ಲ, ಅವರಿಗೆ ಮಾಡುತ್ತಾರೆ. ಒಂದು ಸಲ ಸಿಗ್ನಲ್ಲಿನಲ್ಲಿ ಒಬ್ಬ ಅವರ ಕಡೆಯ ಗಾಜು ಬಡಿದು ಮರಾಠಿಯಲ್ಲಿ, “ವಹಿನಿಂನಾ ಸಾಂಗಾ, ಲೈಟ್ ಚಾಲೂ ಆಹೆ” ಅಂದ. ಅತ್ತಿಗೆಗೆ ಹೇಳಿ ಅಂತೆ. ಅತ್ತಿಗೆ ಅಲ್ಲೇ ಸ್ಟಿಯರಿಂಗ್ ಹಿಡಿದು ಕೂತಿದ್ದಾಳೆ, ಅವಳಿಗೂ ಎರಡು ಕಿವಿ ಇವೆ.

“ಇದನ್ನ ಎಲ್ಲ್ಯರ ಬಂದ್ ಮಾಡ್ಸು. ಮಂದಿ ನನ್ನ ಮಾರಿ ನೋಡಾಕತ್ತಾರ” ಅಂದರು ನನ್ನವರು.

“ನೋಡ್ಲಿ ಬಿಡ್ರಿ. ಮಾರಿ ಛಲೋನ ಐತಿ.”

ಹಾಗಂದರೂ ಕೊಲ್ಹಾಪುರದ ಶೋರೂಮಿಗೆ ಹೋದೆ. ಟೈ ಕಟ್ಟಿದವನೊಬ್ಬ ನಾನು ಕೇಳಿದ್ದಕ್ಕೆಲ್ಲ ನನ್ನ ಗಂಡನ ಮುಖ ನೋಡಿಯೇ ಉತ್ತರ ಕೊಟ್ಟ. ಆ ದೀಪ ಬಂದ್ ಆಗುವುದಿಲ್ಲ, ಅದು ಸೇಫ್ಟಿಗೆ ಇರುವುದು, ಎದುರಿನವರಿಗೆ ಗಾಡಿ ಕಾಣಬೇಕಲ್ಲ ಸರ್, ವಯರ್ ಕಿತ್ತರೆ ವಾರಂಟಿ ಹೋಗುತ್ತದೆ ಸರ್. ಅವರು ಕೊಟ್ಟ ನೀರು ಕಾಫಿ ಕುಡಿದು ಮನೆಗೆ ಬಂದೆವು. ಅಲ್ಲಿಯ ತನಕ ನನಗಿದ್ದದ್ದು ಬರೀ ಕಿರಿಕಿರಿ. ನಿಜವಾದ ಸಿಟ್ಟು ಬಂದದ್ದು ಗಡಹಿಂಗ್ಲಜದ ರಸ್ತೆಯಲ್ಲಿ.

ನನ್ನ ತವರುಮನೆಯವರು ಕುರಿ ಸಾಕುವವರು. ಗಡಹಿಂಗ್ಲಜದ ಆಚೆ, ಗಡಿಗೆ ಹತ್ತಿದ ಊರು. ನಾನು ಮದುವೆಯಾಗಿ ಇಚಲಕರಂಜಿಗೆ ಬಂದೆ, ಅಣ್ಣ ಈಗಲೂ ಕುರಿಯ ಹಿಂದೆಯೇ ಇದ್ದಾನೆ. ಚಂದಗಡದ ಕಡೆಯಿಂದ ಬರುವ ಮಳೆ ಕುರಿಗೆ ಆಗುವುದಿಲ್ಲ, ಗೊರಸು ಕೊಳೆಯುತ್ತದೆ. ಹಾಗಾಗಿ ಮಳೆಗೆ ಮುಂಚೆ ಹಿಂಡು ಹೊಡೆದುಕೊಂಡು ಪೂರ್ವದ ಒಣ ಸೀಮೆಗೆ ಹೋಗುತ್ತಾನೆ, ಮಳೆ ತೀರಿದ ಮೇಲೆ ದಾರಿಯ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತ ತಿರುಗಿ ಬರುತ್ತಾನೆ.

ಹಿಂಡನ್ನು ರಸ್ತೆ ದಾಟಿಸಲು ನಮ್ಮವರದೊಂದು ಪದ್ಧತಿ ಇದೆ. ಕುರಿ ಕಂಡ ಲಾರಿಯವನು ಬದಿಗೆ ನಿಂತು ಇಂಜಿನ್ ಬಂದ್ ಮಾಡಬೇಕು, ದೀಪ ಹಾಕಿಕೊಂಡಿದ್ದರೆ ಅದನ್ನೂ ಆರಿಸಬೇಕು. ಸದ್ದು ನಿಂತು ದೀಪ ಆರಿತೆಂದರೆ, ನಿಮ್ಮ ಕುರಿ ದಾಟಲಿ, ನಾನು ಕಾಯುತ್ತೇನೆ ಎಂದು ಅವನು ಬಾಯಿಬಿಟ್ಟು ಹೇಳಿದ ಹಾಗೆ. ದೀಪ ಉರಿಯುತ್ತಲೇ ಇದ್ದರೆ ಅವನು ಕಾಯುವವನಲ್ಲ. ಹಿಂಡನ್ನು ತಡೆದು ಅವನನ್ನು ಮೊದಲು ಕಳಿಸಬೇಕು. ಅಪ್ಪ ರಸ್ತೆಯ ಅಂಚಿಗೆ ಕಿವಿಗೊಟ್ಟು ನಿಲ್ಲುತ್ತಿದ್ದ. ಇಂಜಿನ್ ಸುಮ್ಮನಾದ ಮೇಲೆಯೇ ಮುಂದಿನ ಟಗರನ್ನು ಬಿಡುತ್ತಿದ್ದ. ಬಸ್ಸಿನವರಿಗೂ ಲಾರಿಯವರಿಗೂ ಇದು ತಿಳಿದಿತ್ತು. ಯಾರೂ ಯಾರಿಗೂ ಕಲಿಸಿದ್ದಲ್ಲ.

ಹೋದ ವರ್ಷ ಅಣ್ಣ ತಿರುಗಿ ಬರುವಾಗ ಜಿಟಿಜಿಟಿ ಮಳೆ ಹಿಡಿದಿತ್ತು. ದೀಪ ಹಾಕಿಕೊಂಡ ಒಂದು ಕಾರು ನಿಂತಂತೆ ಮಾಡಿತು. ಅಣ್ಣ ಹಿಂಡನ್ನು ಬಿಟ್ಟ. ಅರ್ಧ ದಾಟುವಷ್ಟರಲ್ಲಿ ಕಾರಿನವನಿಗೆ ಅವಸರವಾಯಿತು, ನಡುವೆಯೇ ನುಗ್ಗಿದ. ಕುರಿಗಳು ಸತ್ತವು, ಅಣ್ಣನ ಕಾಲು ಮುರಿಯಿತು, ಕಾರು ನಿಲ್ಲಲಿಲ್ಲ. ಆಸ್ಪತ್ರೆಯ ಕಾಟಿನ ಮೇಲೆ ಮಲಗಿಕೊಂಡು ಅವನು ಹೇಳಿದ್ದು ಒಂದೇ ಮಾತು: “ದೀಪ ಆರಿಸಿದ್ದಿಲ್ಲ ಅಂವ. ನಾ ಬಿಡಬಾರದಿತ್ತು.” ತಪ್ಪೆಲ್ಲ ತನ್ನದೇ ಎಂಬಂತೆ. ಕೇಳಿ ನನ್ನ ಮೈಯೆಲ್ಲ ಉರಿದುಹೋಗಿತ್ತು. ನುಗ್ಗಿದವನು ಯಾವ ಊರಿನವನೋ, ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಮಲಗಿರುತ್ತಾನೆ.

ಈ ವರ್ಷ ದೀಪಾವಳಿ ಮುಗಿದು ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗಿಳಿದ ದಿನಗಳು. ಹಿಂದಿನ ಸೀಟಿನಲ್ಲಿ ಬಟ್ಟೆಯ ಗಂಟು ತುಂಬಿಕೊಂಡು ಗಡಹಿಂಗ್ಲಜಕ್ಕೆ ಹೊರಟಿದ್ದೆವು. ಒಂದು ತಿರುವು ದಾಟಿದ್ದೇ, ರಸ್ತೆಯ ಎಡಕ್ಕೆ ಹಿಂಡು ಕಂಡಿತು. ಮುಂದೆ ಕೋಲು ಹಿಡಿದವನು ಕುಂಟುತ್ತಿದ್ದ. ನಡಿಗೆಯಲ್ಲೇ ಗುರುತು ಸಿಕ್ಕಿತು, ಅಣ್ಣ. ನಾನು ಕಾರು ಕೊಂಡದ್ದು ಅವನು ಹಿಂಡಿನ ಜತೆ ಹೋದ ಮೇಲೆ. ಅವನು ಅದನ್ನು ಕಂಡಿರಲಿಲ್ಲ. ಗಾಜಿನ ಮೇಲೆ ಬಿಸಿಲು ಹೊಡೆಯುತ್ತಿತ್ತು, ಒಳಗೆ ಯಾರಿದ್ದಾರೆಂದು ಅವನಿಗೆ ತಿಳಿಯುವಂತಿರಲಿಲ್ಲ.

ನಾನು ಬದಿಗೆ ಸರಿದು ನಿಂತೆ, ದಾಟಲಿ ಎಂದು. ಅಣ್ಣ ಕೋಲು ಅಡ್ಡ ಹಿಡಿದು ಹಿಂಡನ್ನು ತಡೆದು ನಿಂತ. ನಾನು ಕಾದೆ. ಅವನೂ ಕಾದ. ಆಮೇಲೆ ನನ್ನ ತಲೆಗೆ ಹೊಳೆಯಿತು, ಅವನಿಗೆ ಕಾಣುತ್ತಿದ್ದದ್ದು ಉರಿಯುವ ಎರಡು ದೀಪ. ಇಂಜಿನ್ ಬಂದ್ ಮಾಡಿ ತಿಳಿಸೋಣವೆಂದರೆ ಈ ಕಾರಿಗೆ ನಿಲ್ಲಿಸಲು ಸದ್ದೇ ಇಲ್ಲ. ಕಾರನ್ನೇ ಪೂರ್ತಿ ಬಂದ್ ಮಾಡಿದೆ. ದೀಪ ಹಾಗೇ ಉರಿಯುತ್ತಿತ್ತು. ಇಳಿದವರಿಗೆ ಮನೆಯ ಬಾಗಿಲ ತನಕ ದಾರಿ ಕಾಣಲಿ ಎಂದು ಬಂದ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಉರಿಯುವ ವ್ಯವಸ್ಥೆಯಂತೆ. ಮಧ್ಯಾಹ್ನದ ಬಿಸಿಲು, ನಡುರಸ್ತೆ, ಯಾವ ಮನೆ, ಯಾವ ಬಾಗಿಲು. ಇದನ್ನು ಮಾಡಿದವನು ಎದುರಿಗೆ ಸಿಕ್ಕಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಪರದೆಯ ಮೇಲೆ ಸಿಕ್ಕಿದ್ದನ್ನೆಲ್ಲ ಒತ್ತಿದೆ. ಹಾಡು ಶುರುವಾಯಿತು.

ಅಷ್ಟರಲ್ಲಿ ಹಿಂದೆ ಕಬ್ಬಿನ ಟ್ರ್ಯಾಕ್ಟರೊಂದು ಬಂದು ಹಾರ್ನ್ ಬಾರಿಸತೊಡಗಿತು. ಅಣ್ಣ ಎರಡು ಹೆಜ್ಜೆ ಮುಂದೆ ಬಂದ. ಕಾರಿನ ಕಡೆ ಕೈ ಮುಗಿದು, “ಜಾವಾ ಸಾಹೇಬ, ತುಮ್ಹಿ ಜಾವಾ. ಮೆಂಢರಂ ಧರ್ಲ್ಯಾತ” ಅಂದ. ನೀವು ಹೋಗಿ ಸಾಹೇಬರೇ, ಕುರಿ ಹಿಡಿದಿದ್ದೇನೆ.

ಮರಾಠಿ ನಮಗೆ ಹೊಸದಲ್ಲ, ಅರ್ಧ ವ್ಯವಹಾರ ಅದರಲ್ಲೇ. ಆದರೆ ಅಣ್ಣ ನನ್ನ ಜತೆ ಅದರಲ್ಲಿ ಮಾತಾಡಿದ್ದು ಜನ್ಮದಲ್ಲಿ ಅದೇ ಮೊದಲು. ಹೊರಗಿನವರಿಗೆ, ದೊಡ್ಡವರಿಗೆ, ಬೈದಾರೆಂದು ಹೆದರಬೇಕಾದವರಿಗೆ ಆಡುವ ಮಾತು ಅದು. ಮುರಿದ ಕಾಲಿನ ಮೇಲೆ ನಿಂತು ನನ್ನ ಅಣ್ಣ ನನಗೇ ಕೈ ಮುಗಿಯುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತು.

ಪಕ್ಕದಿಂದ ನನ್ನವರು, “ಹೋಗು ಅನ್ನಾಕತ್ತಾನಲ್ಲ, ಮೆಲ್ಲಕ ಹೋಗು. ಕುರಿ ತಾವ ಸರಿತಾವ” ಅಂದರು.

“ಅಂವ ನಮ್ಮಣ್ಣ ಅದಾನ್ರಿ. ಅವನ ಕುರಿಯಾಗ ಕಾರ ಹೊಡಿ ಅಂತೀರೇನು?”

ಅವರು ಕಣ್ಣು ಕಿರಿದು ಮಾಡಿ ನೋಡಿದರು. ಭಾವನ ಗುರುತು ಹತ್ತಿತು.

“ಇಳೀರಿ ಕೆಳಗ” ಅಂದೆ.

ಬಾಗಿಲು ತೆಗೆದದ್ದೇ, ಇನ್ನೇನು ಆರಬೇಕಿದ್ದ ದೀಪ ಮತ್ತೆ ಹೊಸದಾಗಿ ಹತ್ತಿಕೊಂಡಿತು, ನಮ್ಮನ್ನು ಸ್ವಾಗತಿಸಲು. ಒಂದು ದೀಪದ ಮುಂದೆ ನಾನು ಸೆರಗು ಅಗಲ ಮಾಡಿ ನಿಂತೆ. ಇನ್ನೊಂದರ ಮುಂದೆ ಗಂಡನನ್ನು ನಿಲ್ಲಿಸಿದೆ. ಅವರ ಹೊಟ್ಟೆ ಅವತ್ತು ಒಂದು ಕೆಲಸಕ್ಕೆ ಬಂತು. ಟ್ರ್ಯಾಕ್ಟರಿನವನು ಹಾರ್ನ್ ನಿಲ್ಲಿಸದೆ ಏನೋ ಬೈಯುತ್ತಿದ್ದ. ಅವನಿಗೂ ನನ್ನ ಬಾಯಿಯ ರುಚಿ ತೋರಿಸಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅವನು ಇಂಜಿನ್ ಬಂದ್ ಮಾಡಿದ.

“ಅಣ್ಣಾ, ದಾಟಸು. ನಾ ನಿಂತೇನಿ” ಅಂದೆ.

ಅಣ್ಣ ನನ್ನನ್ನು ನೋಡಿದ, ಕಾರನ್ನು ನೋಡಿದ, ದೀಪಕ್ಕೆ ಹೊಟ್ಟೆ ಕೊಟ್ಟು ನಿಂತ ನನ್ನ ಗಂಡನನ್ನು ನೋಡಿದ. ನಾಲಿಗೆಯಿಂದ ಸದ್ದು ಮಾಡಿದ. ಟಗರು ರಸ್ತೆಗಿಳಿಯಿತು, ಅದರ ಹಿಂದೆ ಉಳಿದವು ಒತ್ತೊತ್ತಾಗಿ ಬಂದವು. ಕೊನೆಯ ಮರಿ ದಾಟುವ ತನಕ ನಾವು ಅಲುಗಲಿಲ್ಲ.

ಆಮೇಲೆ ಅವನು ಹತ್ತಿರ ಬಂದ. “ನಿಂದೇನ ಇದು?”

“ನಂದ. ಕರೆಂಟಿಂದು.”

“ಸಪ್ಪಳಾನ ಇಲ್ಲಲ್ಲ. ಮತ್ತ ಹಗಲೊತ್ತ ದೀಪ ಯಾಕ ಹಚ್ಚೀದಿ?”

“ನಾ ಹಚ್ಚಿಲ್ಲಣ್ಣಾ. ತಾನ ಹತ್ತತೈತಿ, ಆರಸಾಕ ಬರೂದಿಲ್ಲ. ಮಂದಿಗೆ ಕಾಣಲಿ ಅಂತ ಇಟ್ಟಾರಂತ.”

“ಕಂಡಿತಲ್ಲ. ಕಂಡಿದ್ದಕ್ಕನ ಕುರಿ ಹಿಡದ ನಿಂತೆ ನಾ.”

ಅವನು ವ್ಯಂಗ್ಯ ಆಡಲಿಲ್ಲ, ಇದ್ದದ್ದು ಹೇಳಿದ. ಆದರೆ ಶೋರೂಮಿನ ಟೈ ನನ್ನ ಕಣ್ಣ ಮುಂದೆ ಬಂತು. ನಾನು ಬರುತ್ತಿದ್ದೇನೆ ಎಂದು ಸಾರಲು ಎರಡು ದೀಪ ಕೊಟ್ಟಿರಿ, ನಿಂತಿದ್ದೇನೆ ಎಂದು ಹೇಳಲು ನನಗಿದ್ದ ಒಂದೇ ಒಂದು ದಾರಿಯನ್ನು ಕಿತ್ತುಕೊಂಡಿರಿ. ನನ್ನನ್ನು ಕೇಳಲಿಲ್ಲ, ಅಣ್ಣನಂಥವರನ್ನು ಕೇಳುವ ಮಾತಂತೂ ದೂರವೇ ಉಳಿಯಿತು. ಅಣ್ಣನ ಸೇಫ್ಟಿ ಯಾರ ಲೆಕ್ಕಕ್ಕೂ ಇಲ್ಲ.

ಅಣ್ಣ ಬಾಗಿ ಬೆಳ್ಳನೆಯ ಪಟ್ಟಿಯ ಮೇಲೆ ಬೆರಳಾಡಿಸಿದ. “ಇನ್ನ ಬರಾವೆಲ್ಲ ಇಂಥಾವ ಏನು?”

“ಹೌದಂತಣ್ಣಾ.”

“ಹಂಗಾರ ನಿಲ್ಲಾಂವ ಯಾಂವ, ನುಗ್ಗಾಂವ ಯಾಂವ, ನಾ ಹೆಂಗ ತಿಳ್ಕೊಳ್ಲಿ?”

“ನಾ ಇಳಿತೀನಿ. ಎಲ್ಲಿ ಕುರಿ ಕಂಡ್ರೂ ಕಾರ ಬಿಟ್ಟ ಇಳದ ನಿಲ್ತೀನಿ. ಇಳದಾಕಿ ನಾ ಅಂತ ತಿಳ್ಕೋ” ಅಂದೆ.

“ನೀ ಇಳಿತಿ, ನನಗ ಗೊತ್ತೈತಿ” ಅಂದ ಅಣ್ಣ. ಕೋಲು ಊರಿಕೊಂಡು ಕಾಲು ಎಳೆಯುತ್ತ ರಸ್ತೆಗಿಳಿದ. ಆಚೆಯ ಅಂಚು ಮುಟ್ಟಿದ ಮೇಲೆ ತಿರುಗಿ ಕೇಳಿದ, “ಉಳದಾವ್ರು?”