ಕ್ರಿಸ್‌ಮಸ್ ಸಿನಿಮಾದ ಫಕ್ಕೀರಪ್ಪ

ನಮ್ಮ ಲಕ್ಷ್ಮೇಶ್ವರದಲ್ಲಿ ಡಿಸೆಂಬರ್ ಬಂತೆಂದರೆ ಗಿರಣಿ ಫಕ್ಕೀರಪ್ಪ ಹುಬ್ಬಿನ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ ಖಲೀಲನ ಸಿ.ಡಿ. ಅಂಗಡಿಗೆ ಬರುತ್ತಾನೆ. ಜಿಲ್ಲೆ ಗದಗವಾಗಿ ವರ್ಷಗಳಾದರೂ ಆ ಅಂಗಡಿಯ ಬೋರ್ಡಿನಲ್ಲಿ ಇನ್ನೂ ಧಾರವಾಡವೇ ಇದೆ. ಫಕ್ಕೀರಪ್ಪನಿಗೆ ಬೇಕಾದದ್ದು ಕ್ರಿಸ್‌ಮಸ್ಸಿಗೆ ಮನೆಮಂದಿಯೆಲ್ಲ ಕೂಡಿ ಫಜೀತಿ ಮಾಡಿಕೊಳ್ಳುವ ಒಂದು ಇಂಗ್ಲಿಷ್ ನಗೆಚಿತ್ರದ ಮೂರೂ ಭಾಗಗಳು. ಅದರಲ್ಲಿ ಹಾಡಿಲ್ಲ, ಹೊಡೆದಾಟವಿಲ್ಲ, ಮಾತಂತೂ ತಿಳಿಯುವುದೇ ಇಲ್ಲ. ಆದರೂ ಹಿಮ ಬಿದ್ದ ಮಾಳಿಗೆಯಿಂದ ಅಪ್ಪ ಜಾರುವ ಮೊದಲೇ "ಬಿದ್ದಾ, ಬಿದ್ದಾ!" ಎಂದು ತೊಡೆ ತಟ್ಟಿ ಅವನು ನಕ್ಕರೆ ಓಣಿಯ ನಾಯಿಗಳೆಲ್ಲ ಎದ್ದು ಬೊಗಳುತ್ತವೆ. ಮೂರನೆಯ ಭಾಗಕ್ಕೆ ಬಂದಾಗ ಮಾತ್ರ ಅವನ ನಗೆ ನಿಲ್ಲುತ್ತದೆ. ಅದರಲ್ಲಿ ತಾಯಿಯ ಪಾತ್ರಕ್ಕೆ ಬೇರೆ ನಟಿ ಬಂದಿದ್ದಾಳೆ. "ಮೊದಲಿನಾಕಿ ಯಾವಾಗ ಸತ್ತಳೋ ಖಲೀಲ? ಯಾರೂ ಅಳಲೇ ಇಲ್ಲಲ್ಲ?" "ಸತ್ತಿಲ್ರೀ ಕಾಕಾ, ನಟಿ ಬದಲಾಗ್ಯಾಳ ಅಷ್ಟ. ವರ್ಷಾ ವರ್ಷಾ ಇದನ್ನ ಹೇಳಾಕತ್ತೀನಿ." "ಹಂಗಾದ್ರ ಹುಡುಗರು ಈಕಿಗೂ ಮಮ್ಮಿ ಅಂತಾವಲ್ಲೋ!" ಆ ಒಂದು ಶಬ್ದ ಅವನಿಗೆ ತಿಳಿಯುತ್ತದೆ. ಅವನ ಮನೆಗೆ ಹನಮವ್ವ ಎರಡನೆಯ ಹೆಂಡತಿಯಾಗಿ ಬಂದು ವರ್ಷಗಳೇ ಆದವು. ತೀರಿಕೊಂಡ ಮೊದಲ ಹೆಂಡತಿಯ ಮಗಳು ನೇತ್ರಾ ಆಕೆ ಬಡಿಸಿದ್ದನ್ನು ಉಣ್ಣುತ್ತಾಳೆ, ಆಕೆ ಹೆಣೆದ ಜಡೆಯಲ್ಲೇ ಶಾಲೆಗೆ ಹೋಗುತ್ತಾಳೆ, ಆದರೆ ಇವತ್ತಿಗೂ ಅವ್ವಾ ಎಂದು ಕರೆದಿಲ್ಲ. ಮೊನ್ನೆ ನಾನು ಅಂಗಡಿಯಲ್ಲಿದ್ದಾಗ ಫಕ್ಕೀರಪ್ಪ ಸಿ.ಡಿ.ಗಳನ್ನು ತಿರುಗಿ ಕೊಟ್ಟು, ಹೋಗದೆ ಅಲ್ಲೇ ನಿಂತ. ಆಮೇಲೆ ದನಿ ತಗ್ಗಿಸಿ ಖಲೀಲನನ್ನು ಕೇಳಿದ: "ಎರಡಕ್ಕೂ ಮೂರಕ್ಕೂ ನಡುವ ಇನ್ನೊಂದು ಭಾಗ ಇರಬೇಕಲ್ಲೋ ತಮ್ಮಾ? ಆ ಹುಡುಗರು ಹೊಸಾಕಿನ್ನ ಮೊದಲನೇ ಸಲ ಮಮ್ಮಿ ಅಂದದ್ದು. ಅದನ್ನ ಕೊಡು."