ತಪ್ಪು ಕ್ಯಾಮೆರಾದ ಮೇಲಿರಲಿ

೨೦೧೧ರಲ್ಲಿ ನಾನು ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ ಹೋಬಳಿಯಲ್ಲಿ ರೇಷ್ಮೆ ವಿಸ್ತರಣಾಧಿಕಾರಿಯಾಗಿದ್ದೆ. ಹೆಸರು ದೊಡ್ಡದು, ಕೆಲಸ ಮಾತ್ರ ಸ್ಕೂಟರಿನ ಮೇಲಿನ ಅಲೆದಾಟ. ಹಿಪ್ಪುನೇರಳೆ ತೋಟ ನೋಡುವುದು, ಹುಳು ಮನೆಗಳಿಗೆ ಹೋಗಿ ರೋಗವಿದೆಯೇ ಎಂದು ಪರೀಕ್ಷಿಸುವುದು, ಸಹಾಯಧನದಲ್ಲಿ ಕಟ್ಟಿದ ಹುಳು ಮನೆ ಕಾಗದದ ಮೇಲಲ್ಲ, ನೆಲದ ಮೇಲೇ ಇದೆ ಎಂದು ಮೇಲಿನವರಿಗೆ ನಂಬಿಸುವುದು. ಈ ಕೊನೆಯ ಕೆಲಸಕ್ಕೆ ಫೋಟೋ ಬೇಕೇ ಬೇಕು. ಗೋಡೆಯ ಫೋಟೋ, ಕಿಟಕಿಯ ಫೋಟೋ, ಗೋಡೆಯ ಮುಂದೆ ರೈತ ನಿಂತ ಫೋಟೋ. ಆ ರೈತ ನಗುತ್ತಿದ್ದರೆ ಇನ್ನೂ ಒಳ್ಳೆಯದು.

ಮೊದಲೆಲ್ಲ ಪೇಟೆಯ ಸ್ಟುಡಿಯೋದವನನ್ನು ಕಾಡಿ ಬೇಡಿ ಕರೆದುಕೊಂಡು ಹೋಗಬೇಕಿತ್ತು. ಅವನಿಗೆ ಮದುವೆ ಸಿಕ್ಕಿದರೆ ನಮ್ಮ ಹುಳು ಯಾರಿಗೆ ಬೇಕು? ಕೊನೆಗೆ ಬೇಸತ್ತು ನಾನೇ ಒಂದು ಕಾಂಪ್ಯಾಕ್ಟ್ ಡಿಜಿಟಲ್ ಕ್ಯಾಮೆರಾ ಕೊಂಡೆ. ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡದು, ವ್ಯಾನಿಟಿ ಬ್ಯಾಗಿನಲ್ಲಿ ಬಾಚಣಿಗೆಯ ಪಕ್ಕ ಕೂರುತ್ತಿತ್ತು. ಅದರ ಉಪಕಾರ ಮರೆಯಲಾರೆ. ರೋಗದ ಹುಳುವನ್ನು ಹತ್ತಿರದಿಂದ ತೆಗೆದರೆ ಮೈಮೇಲಿನ ಕಪ್ಪು ಚುಕ್ಕೆಯೂ ಕಾಣುತ್ತಿತ್ತು. ರೀಲು ಮುಗಿಯುವವರೆಗೆ ಕಾಯಬೇಕಿರಲಿಲ್ಲ. ತೆಗೆದದ್ದು ಚೆನ್ನಾಗಿಲ್ಲದಿದ್ದರೆ ಅಳಿಸಿ ಇನ್ನೊಂದು ತೆಗೆಯಬಹುದಿತ್ತು.

ಇನ್ನು ಅದರ ಉಪದ್ರವ. ಬಿಸಿಲಿಗೆ ಹಿಡಿದರೆ ಪರದೆಯಲ್ಲಿ ನನ್ನ ಮುಖವೇ ಕಾಣುತ್ತಿತ್ತು, ಎದುರಿನವರದ್ದಲ್ಲ. ಹುಳುವಿನ ಹಾಸಿಗೆ ಒಣಗಲೆಂದು ಎರಚುವ ಸುಣ್ಣದ ಪುಡಿ ಲೆನ್ಸಿನ ಸಂದಿಗೆ ಹೋಗಿ, ಅದರ ಮೂತಿ ಅರ್ಧ ಹೊರಗೆ ಬಂದು ಕರ್ ಎಂದು ನಿಂತುಬಿಡುತ್ತಿತ್ತು. ಬ್ಯಾಟರಿ ಯಾವಾಗಲೂ ಬೇಕಾದ ಹೊತ್ತಿಗೇ ಕೈಕೊಡುತ್ತಿತ್ತು. ಬ್ಯಾಟರಿ ಬದಲಿಸಿದರೆ ಅದಕ್ಕೆ ಹಿಂದಿನದೆಲ್ಲ ಮರೆತುಹೋಗುತ್ತಿತ್ತು. ಫ್ಲ್ಯಾಶ್ ಬೇಡವೆಂದು ಇಟ್ಟಿದ್ದರೂ ತಾನಾಗಿಯೇ ಬೇಕು ಮಾಡಿಕೊಳ್ಳುತ್ತಿತ್ತು. ಆದರೆ ಇವೆಲ್ಲ ರಿಪೇರಿಯವನ ಹತ್ತಿರ ಹೇಳಿಕೊಳ್ಳುವ ಕಷ್ಟಗಳು. ಕ್ಯಾಮೆರಾ ಇಟ್ಟುಕೊಂಡವರ ನಿಜವಾದ ಕಷ್ಟ ಏನೆಂದು ನನಗೆ ತಿಳಿದದ್ದು ಸರೋಜಾಳ ಹುಳು ಮನೆಯಲ್ಲಿ.

ಸರೋಜಾ ಚಿಂತಾಮಣಿ ಕಡೆಯ ಹುಡುಗಿ. ಮದುವೆಯಾಗಿ ನಮ್ಮ ಹೋಬಳಿಯ ಒಂದು ಹಳ್ಳಿಗೆ ಬಂದಿದ್ದಳು. ಗಂಡ ಗೌರಿಬಿದನೂರಿನ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದ. ತೋಟ, ಹುಳು ಎಲ್ಲ ಅತ್ತೆ ಮುನಿವೆಂಕಟಮ್ಮನವರ ಕೈಯಲ್ಲಿತ್ತು. ನಮ್ಮ ತರಬೇತಿಗೆ ಬಂದು ಕಲಿತ ಸರೋಜಾ ಬಹಳ ದಿನ ಹಿಂದೆ ಬಿದ್ದು, ಒಂದು ಬೆಳೆಯನ್ನು ತಾನೊಬ್ಬಳೇ ನೋಡಿಕೊಳ್ಳಲು ಅತ್ತೆಯನ್ನು ಒಪ್ಪಿಸಿದ್ದಳು. ಬೆಳೆ ಎಂದರೆ ಮೊಟ್ಟೆಯಿಂದ ಗೂಡಿನವರೆಗೆ ಒಂದು ಸುತ್ತು ಹುಳು ಸಾಕುವುದು. ಗೂಡು ಚೆನ್ನಾಗಿ ಬಂದರೆ ಹುಳು ಮನೆ ಇನ್ನು ಮುಂದೆ ಅವಳದೇ ಎಂದು ಮಾತಾಗಿತ್ತು.

ನಮ್ಮ ಕಡೆ ಹುಳು ಮನೆಗೆ ಹೆರಿಗೆ ಕೋಣೆಯ ಮಡಿ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ. ಕಾಲು ತೊಳೆಯದೆ ಒಳಗೆ ಬಿಡುವುದಿಲ್ಲ. ಕಂಡವರೆಲ್ಲ ಹುಳ ನೋಡಿ "ಎಷ್ಟು ಚೆನ್ನಾಗೈತೆ" ಎಂದರೆ ದೃಷ್ಟಿಯಾಗುತ್ತದೆ. ಅರ್ಧ ಶುಚಿತ್ವ, ಅರ್ಧ ನಂಬಿಕೆ. ಶುಚಿತ್ವದ ಅರ್ಧ ಉಳಿಯಲಿ ಎಂದು ನಾನು ನಂಬಿಕೆಯ ಅರ್ಧವನ್ನು ಕೆಣಕಲು ಹೋಗುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ನಾನು ಹೋದಾಗ ಮುನಿವೆಂಕಟಮ್ಮ ಊರಲ್ಲಿರಲಿಲ್ಲ, ವಿದುರಾಶ್ವತ್ಥಕ್ಕೆ ನಾಗರ ಪೂಜೆಗೆಂದು ಹೋಗಿದ್ದರು. ಸರೋಜಾ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಳು. ಹುಳು ನಾಲ್ಕನೇ ಜ್ವರದಿಂದ ಎದ್ದಿತ್ತು. ಜ್ವರ ಎಂದರೆ ಕಾಯಿಲೆಯಲ್ಲ, ಹುಳು ತಿನ್ನುವುದು ಬಿಟ್ಟು ಮಲಗಿ ಪೊರೆ ಕಳಚುವ ಹೊತ್ತು. ನಾಲ್ಕನೆಯದು ಕಳೆದರೆ ಇನ್ನು ಗೂಡು ಕಟ್ಟುವವರೆಗೆ ತಿನ್ನುವುದೇ ತಿನ್ನುವುದು.

"ಮೇಡಂ, ನಂದೊಂದು ಫೋಟೋ ತೆಗೀರಿ. ನಮ್ಮಮ್ಮಂಗೆ ತೋರಿಸ್ಬೇಕು. ನಾನೇ ಹುಳ ಸಾಕ್ತಿದೀನಿ ಅಂದ್ರೆ ನಂಬಲ್ಲ ಅವ್ರು," ಎಂದಳು.

ಸೊಪ್ಪಿನ ಹೊರೆ ತಲೆಯ ಮೇಲೆ ಹೊತ್ತು ನಿಂತಳು, ತೆಗೆದೆ. ಹುಳು ಮನೆಯೊಳಗೂ ಒಂದಿರಲಿ ಎಂದಳು. ಬೆಳಿಗ್ಗೆಯಷ್ಟೇ ಬ್ಯಾಟರಿ ಬದಲಿಸಿದ್ದೆ, ಫ್ಲ್ಯಾಶ್ ಫಳ್ಳನೆ ಬೆಳಗಿತು. ಕಿಟಕಿಯಲ್ಲಿ ಇಣುಕುತ್ತಿದ್ದ ಪಕ್ಕದ ಮನೆಯ ಹೆಂಗಸು ಅದನ್ನು ನೋಡಿದಳು. ಆ ಫೋಟೋದಲ್ಲಿ ಸರೋಜಾಳ ಮುಖವೆಲ್ಲ ಬೆಳ್ಳಗಾಗಿತ್ತು, ಅಳಿಸಿದೆ. ನಾನು ಮಧ್ಯಾಹ್ನದ ಊಟಕ್ಕೆ ಮನೆ ಸೇರಿದೆ.

ಮಾರನೆಯ ಬೆಳಿಗ್ಗೆ ಸರೋಜಾ ಫೋನು ಮಾಡಿದಳು. "ಮೇಡಂ, ಹುಳ ಎಲ್ಲ ಕಕ್ತಾ ಐತೆ," ಎಂದಷ್ಟೇ ಹೇಳಿದಳು.

ಹೋಗಿ ನೋಡಿದೆ. ಹುಳುಗಳು ತಲೆ ಎತ್ತಿ ಆ ಕಡೆ ಈ ಕಡೆ ಆಡಿಸುತ್ತಿದ್ದವು, ಬಾಯಿಂದ ಹಸಿರು ನೀರು ಬರುತ್ತಿತ್ತು. ಸತ್ತವು ಕುಗ್ಗಿ ಅರ್ಧದಷ್ಟಾಗಿದ್ದವು. ಹಾಲು ರೋಗವಲ್ಲ, ಸಪ್ಪೆ ರೋಗವಲ್ಲ. ಇದು ಕೀಟನಾಶಕ ಎನ್ನಲು ಮೈಕ್ರೋಸ್ಕೋಪ್ ಬೇಕಿರಲಿಲ್ಲ. ಎಲ್ಲೋ ಪಕ್ಕದ ಹೊಲದಲ್ಲಿ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಹಿಪ್ಪುನೇರಳೆಯ ಮೇಲೆ ಕೂತಿದೆ, ಆ ಸೊಪ್ಪು ಹುಳುವಿನ ಹೊಟ್ಟೆಗೆ ಹೋಗಿದೆ. ಹುಳುವನ್ನು ಸಾಯಿಸಲೆಂದೇ ಮಾಡಿದ ಔಷಧಿಗೆ ರೇಷ್ಮೆ ಹುಳು, ಕಾಯಿಕೊರಕ ಎಂಬ ಭೇದವಿಲ್ಲ.

ಹಾಗೆಂದು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜಗಲಿಯ ಮೇಲೆ ಊರಿನ ನಾಲ್ಕಾರು ಜನ ಸೇರಿದ್ದರು. ಕಿಟಕಿಯ ಹೆಂಗಸು ತನ್ನ ಕಥೆಯನ್ನು ಆಗಲೇ ಹಂಚಿ ಮುಗಿಸಿದ್ದಳು. ಮುನಿವೆಂಕಟಮ್ಮ ಮರಳಿ ಬಂದು ಕಂಬಕ್ಕೆ ಒರಗಿ ಕೂತಿದ್ದರು.

"ಮಿಂಚು ಹೊಡೆದಂಗೆ ಹೊಡೆಸವ್ಳೆ ಹುಳದ ಮೇಲೆ. ಸಾಯದೆ ಇನ್ನೇನಾಗುತ್ತೆ? ಇವಳು ಇನ್ನು ಹುಳು ಮನೆ ಹೊಸಲು ತುಳೀಕೂಡದು," ಎಂದರು.

ಫ್ಲ್ಯಾಶಿಗೆ ಹುಳು ಸಾಯುವುದಿಲ್ಲ ಎಂಬ ಮಾತನ್ನು ಅಂದು ನಾನು ಎಷ್ಟು ಸಲ ಹೇಳಿದೆನೋ! ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ತೋಟದ ಪಶ್ಚಿಮಕ್ಕೆ ಅಂಟಿಕೊಂಡಿದ್ದ ಟೊಮೆಟೊ ಹೊಲ ಕೃಷ್ಣಪ್ಪನದು. ಅವನೂ ಜಗಲಿಯಲ್ಲೇ ಕೂತಿದ್ದ. ಔಷಧಿ ಹೊಡೆದಿರಾ ಎಂದು ಅವನನ್ನೇ ಕೇಳಿದೆ.

"ಈ ವಾರ ಔಷಧಿ ಡಬ್ಬಾನೇ ಮುಟ್ಟಿಲ್ಲ ಮೇಡಂ, ದೇವ್ರಾಣೆಗೂ," ಎಂದ.

ಈ ಕೃಷ್ಣಪ್ಪ ಯಾರೆಂದು ಹೇಳಬೇಕು. ಅವನು ಮುನಿವೆಂಕಟಮ್ಮನವರ ಕಿರಿಯ ತಮ್ಮ. ಅವರ ಮಗಳು ಭಾಗ್ಯಳನ್ನು ಮದುವೆಯಾದವನೂ ಅವನೇ. ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮಲ್ಲಿ ಹೊಸತೇನಲ್ಲ. ತಮ್ಮನೂ ಅವನೇ, ಅಳಿಯನೂ ಅವನೇ. ಮುಂಗೋಪಿ ಬೇರೆ. ಹಿಂದೊಮ್ಮೆ ಬದುವಿನ ಮರದ ವಿಷಯಕ್ಕೆ ಮಾತು ಬೆಳೆದು ಭಾಗ್ಯಳನ್ನು ತಿಂಗಳುಗಟ್ಟಲೆ ತವರಿನಲ್ಲಿ ಬಿಟ್ಟಿದ್ದನೆಂದು ಊರಿಗೆಲ್ಲ ಗೊತ್ತಿತ್ತು.

ಆ ಸಂಜೆ ಮನೆಯಲ್ಲಿ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಕ್ಯಾಮೆರಾದ ಫೋಟೋಗಳನ್ನು ಒಂದೊಂದೇ ಹಿಂದಕ್ಕೆ ಸರಿಸುತ್ತಾ ಹೋದೆ. ಸೊಪ್ಪಿನ ಹೊರೆ ಹೊತ್ತ ಸರೋಜಾ ಬಂದಳು. ಬಿಸಿಲಲ್ಲಿ ಕಾಣದಿದ್ದದ್ದು ಟ್ಯೂಬ್‌ಲೈಟಿನಡಿ ಕಂಡಿತು. ಅವಳ ಭುಜದ ಹಿಂದೆ, ಬದುವಿನ ಸಿಲ್ವರ್ ಓಕ್ ಮರಗಳ ಸಂದಿಯಲ್ಲಿ ಯಾರೋ ನಿಂತಿದ್ದರು. ದೊಡ್ಡದು ಮಾಡಿದೆ. ಬೆನ್ನಿಗೆ ಸ್ಪ್ರೇಯರ್, ಕೈಯಲ್ಲಿ ಔಷಧಿ ಚಿಮ್ಮುವ ಕೋಲು, ಮುಖ ಈ ಕಡೆಗೇ. ಕೃಷ್ಣಪ್ಪ. ಕೋಲಿನ ತುದಿಯ ಮಂಜು ಕೂಡ ಬಿದ್ದಿತ್ತು, ಅದು ತೋಟದ ಕಡೆಗೇ ವಾಲಿತ್ತು.

ಸಿಟ್ಟು ಬಂತು. ಜೊತೆಗೆ ಖುಷಿಯೂ ಆಯಿತು, ಸುಳ್ಳು ಹೇಳುವುದಿಲ್ಲ. ನಾಳೆ ಜಗಲಿಯ ಮೇಲೆ ಎಲ್ಲರ ಮುಂದೆ ತೋರಿಸಿ ಒಬ್ಬೊಬ್ಬರ ಬಾಯಿ ಮುಚ್ಚಿಸುತ್ತೇನೆ ಎಂದುಕೊಂಡು ಮಲಗಿದೆ.

ಬೆಳಿಗ್ಗೆ ಸರೋಜಾ ಊರ ಹೊರಗಿನ ತಿಪ್ಪೆಯ ಹತ್ತಿರ ಸತ್ತ ಹುಳ ಹೂಳುತ್ತಿದ್ದಳು. ಮೊದಲು ಅವಳಿಗೇ ತೋರಿಸಿದೆ. ಅವಳು ಒಮ್ಮೆ ನೋಡಿ ಕಣ್ಣು ತೆಗೆದಳು.

"ಕೃಷ್ಣಪ್ಪ ಮಾವ ಹೊಡೀತಿದ್ದಿದ್ದು ನಂಗೊತ್ತಾಗ್ಲಿಲ್ಲ ಮೇಡಂ. ಸೊಪ್ಪು ಹಾಕೋವಾಗ ಮಾತ್ರ ಏನೋ ವಾಸ್ನೆ ಅನ್ನಿಸ್ತು," ಎಂದಳು. ಆಮೇಲೆ, "ಇದನ್ನ ಎಲ್ಲರ ಮುಂದೆ ತೋರಿಸ್ಬೇಡಿ. ಅತ್ತೆ ಒಬ್ರಿಗೇ ತೋರಿಸಿ," ಎಂದಳು.

ಮುನಿವೆಂಕಟಮ್ಮನವರನ್ನು ಹಿತ್ತಿಲ ಹೊಂಗೆ ಮರದ ನೆರಳಿಗೆ ಕರೆದೆ. ಸರೋಜಾ ಪಕ್ಕದಲ್ಲಿ ನಿಂತಳು. ಆ ಪುಟ್ಟ ಪರದೆಯನ್ನು ಅವರು ಕಣ್ಣಿಗೆ ಒತ್ತಿಕೊಂಡಂತೆ ಹಿಡಿದು ನೋಡಿದರು. "ಏಮಿ ಕರ್ಮಮೋ ಇದಿ," ಇದೇನು ಕರ್ಮವೋ ಎಂದು ತೆಲುಗಿನಲ್ಲಿ ತಮಗೆ ತಾವೇ ಹೇಳಿಕೊಂಡರು. ಕ್ಯಾಮೆರಾ ನನ್ನ ಕೈಗೆ ಕೊಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು.

"ನಂಗೆ ಗೊತ್ತಿತ್ತು ಕಣಮ್ಮ. ಉಳಿದ ಸೊಪ್ಪು ಮೂಸಿ ನೋಡಿದ್ದೆ."

ನನಗೆ ರೇಗಿಹೋಯಿತು. "ಗೊತ್ತಿದ್ದೂ ಈ ಹುಡುಗಿ ಮೇಲೆ ಯಾಕೆ ಹಾಕಿದ್ರಿ?"

"ಸೊಸೆ ಮೇಲೆ ಹಾಕಿದ್ರೆ ಮಾತು ಮನೇಲೇ ಇರುತ್ತೆ. ಅವನ ಮೇಲೆ ಹಾಕಿದ್ರೆ ನನ್ ಮಗಳು ಗಂಟು ಕಟ್ಕೊಂಡು ಮನೆಗೆ ಬರ್ತಾಳೆ."

ಹುಳು ಯಾವುದರಿಂದ ಸತ್ತಿತು ಎಂದು ಹೇಳುವುದನ್ನು ಇಲಾಖೆ ನನಗೆ ಕಲಿಸಿತ್ತು. ಇದನ್ನು ಕಲಿಸಿರಲಿಲ್ಲ. ಆದರೂ ಸರೋಜಾಳನ್ನು ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ. "ನಿಮ್ಮ ಮಗಳು ಉಳೀಬೇಕು, ಸರಿ. ಇವಳೇನು ತಪ್ಪು ಮಾಡಿದಾಳೆ? ಇವಳ ಹುಳು ಮನೆ ಇವಳಿಗೆ ಕೊಡಿ," ಎಂದೆ.

ಮುನಿವೆಂಕಟಮ್ಮ ನನ್ನ ಕೈಯಲ್ಲಿದ್ದ ಕ್ಯಾಮೆರಾವನ್ನು ನೋಡಿದರು.

"ಇದಕ್ಕೆ ಗಂಡನಿಲ್ಲ, ಮನೆಯಿಲ್ಲ, ಮಠವಿಲ್ಲ. ತಪ್ಪು ಇದರ ಮೇಲಿರಲಿ ಬಿಡಮ್ಮ. ಸೊಸೆದಲ್ಲ, ಆಫೀಸಿನೋರ ಕ್ಯಾಮೆರಾದ್ದು ಅಂತೀನಿ. ಅವಳು ಹುಳ ಸಾಕ್ಕೊಳ್ಳಲಿ. ಆದ್ರೆ ಆ ಫೋಟೋ ಇರಬಾರ್ದು."

ಕ್ಯಾಮೆರಾದ ತಪ್ಪು ಎಂದರೆ ನನ್ನ ತಪ್ಪು. ಹೋಬಳಿಯ ತುಂಬ ಹುಳು ಸಾಕುವ ವಿಜ್ಞಾನ ಹೇಳಿಕೊಂಡು ತಿರುಗುವವಳು, ಫ್ಲ್ಯಾಶ್ ಹೊಡೆದು ಬೆಳೆ ಕೊಂದವಳು ಎಂದು ಹೆಸರು ತೆಗೆದುಕೊಳ್ಳಬೇಕು. ಸರೋಜಾಳ ಕಡೆ ತಿರುಗಿದೆ. ಆ ಫೋಟೋ ಅವಳದು. ಅವಳಮ್ಮನಿಗೆಂದು ತೆಗೆಸಿಕೊಂಡದ್ದು.

"ಇನ್ನೊಂದು ತೆಗೀತೀನಿ ಸರೋಜಾ," ಎಂದೆ.

"ಬ್ಯಾಡ ಮೇಡಂ. ನಂಗೆ ಫೋಟೋ ಬ್ಯಾಡ, ಹುಳು ಮನೆ ಸಾಕು. ಎಲ್ಲಿ ಒತ್ತಬೇಕು ಹೇಳಿ," ಎಂದು ಕೈ ಚಾಚಿದಳು.

ತೋರಿಸಿದೆ. ಅಳಿಸಬೇಕೇ ಎಂದು ಕ್ಯಾಮೆರಾ ಕೇಳಿತು. ಅವಳೇ ಒತ್ತಿದಳು. ಪರದೆಯಲ್ಲಿ ಅದಕ್ಕೂ ಹಿಂದಿನ ಫೋಟೋ ಬಂತು, ಯಾವುದೋ ಊರಿನ ಯಾವುದೋ ಗೋಡೆ. ನನಗೆ ಅಳು ಬಂತು. ಅವಳು ಅಳಲಿಲ್ಲ.

ಮುನಿವೆಂಕಟಮ್ಮ ಕೊಟ್ಟ ಮಾತಿಗೆ ತಪ್ಪಲಿಲ್ಲ. ಅದೇ ಜಗಲಿಯಲ್ಲಿ ಕೂತು, ನಮ್ಮ ಹುಡುಗಿದೇನೂ ತಪ್ಪಿಲ್ಲ, ಎಲ್ಲ ಆ ಡಬ್ಬಿದು ಎಂದು ಸಾರಿದರು. ಸುದ್ದಿ ನನಗಿಂತ ಮೊದಲೇ ಊರೂರು ತಲುಪಿತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಅಪರಿಚಿತ ರೈತನೊಬ್ಬ, ಹುಳ ಸಾಯ್ಸಿದ ಕ್ಯಾಮೆರಾ ಮೇಡಂ ನೀವೇನಾ ಎಂದು ಗೌರವದಿಂದಲೇ ಕೇಳಿದ. ಹುಳು ಮನೆಯ ಬಾಗಿಲಲ್ಲಿ ಹೆಂಗಸರು ನನ್ನ ಬ್ಯಾಗು ಇಸಿದುಕೊಂಡು ಹೊರಗಿಡುತ್ತಿದ್ದರು. ನಿಮ್ಮ ಹೋಬಳಿಯಿಂದ ಮಾತ್ರ ಯಾಕೆ ಹುಳದ ಫೋಟೋ ಬರುವುದಿಲ್ಲ ಎಂದು ಸಭೆಯಲ್ಲಿ ಮೇಲಧಿಕಾರಿ ಬೈದರು. ಬ್ಯಾಟರಿ ನಿಲ್ಲುವುದಿಲ್ಲ ಸಾರ್ ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಸರೋಜಾಳ ಮುಂದಿನ ಬೆಳೆಗೆ ಹೋಗಿದ್ದಾಗ ಹುಳು ಕೊನೆಯ ಮೇವು ತಿನ್ನುತ್ತಿತ್ತು. ಒಳಗೆ ಎಲೆ ಕಡಿಯುವ ಸರಸರ ಸದ್ದು, ಅವಳ ಮುಖದಲ್ಲಿ ಗೆಲುವು. ಅಷ್ಟರಲ್ಲಿ ಕೃಷ್ಣಪ್ಪನ ಹೆಂಡತಿ ಭಾಗ್ಯ ಬಂದು ಬಾಗಿಲಾಚೆ ನಿಂತು ಕೂಗಿದಳು: "ಅತ್ತಿಗೆ, ನಾಳೆ ನಮ್ಮೋರು ಔಷಧಿ ಹೊಡೀತಾರಂತೆ. ಇವತ್ತೇ ಸೊಪ್ಪು ಕುಯ್ಕೊಂಡ್‌ಬಿಡಿ."

ಮುನಿವೆಂಕಟಮ್ಮ ತಮ್ಮನ ಮನೆಗೆ ಹೋಗಿ ಏನು ಹೇಳಿದರೋ, ಹೇಗೆ ಹೇಳಿದರೋ, ನಾನು ಕೇಳಲಿಲ್ಲ. ನಾನು ಜಗಲಿಯ ಮೇಲೆ ಫೋಟೋ ಹಿಡಿದು ಗೆದ್ದಿದ್ದರೆ ಭಾಗ್ಯ ಅಂದು ಬಾಗಿಲಾಚೆ ನಿಂತು ಕೂಗುತ್ತಿರಲಿಲ್ಲ, ತವರಿನ ಮೂಲೆಯಲ್ಲಿ ಕೂತಿರುತ್ತಿದ್ದಳು. ಹೊರಡುವಾಗ ಮುನಿವೆಂಕಟಮ್ಮನವರನ್ನು ಮೆಲ್ಲಗೆ ಕೇಳಿದೆ, ಈಗಲಾದರೂ ಜನಕ್ಕೆ ನಿಜ ಹೇಳಬಹುದಲ್ಲ ಎಂದು.

"ನನ್ ಮಗಳು ಅಲ್ಲಿ ಬಾಳೋವರ್ಗೂ ಫ್ಲ್ಯಾಶಿಂದಾನೇ ಸತ್ತಿದ್ದು ಕಣಮ್ಮ," ಎಂದರು.

ಆಯಿತು ಎಂದೆ. ನಿವೃತ್ತಳಾಗುವವರೆಗೂ ಆ ಮಾತು ಉಳಿಸಿಕೊಂಡೆ. ಈಗ ಊರು, ಮನುಷ್ಯರ ಹೆಸರು ಬದಲಿಸಿ ಬರೆಯುತ್ತಿದ್ದೇನೆ. ಸಾವಿಗೆ ಕಾರಣ ಕಂಡುಹಿಡಿಯುವುದು ನನ್ನ ನೌಕರಿಯಾಗಿತ್ತು. ಆ ಕಾರಣವನ್ನು ಯಾರ ತಲೆಗೆ ಹೊರಿಸಿದರೆ ಯಾರ ಬಾಳು ಮುರಿಯುತ್ತದೆ ಎಂದು ಲೆಕ್ಕ ಹಾಕುವುದು ಆ ಮನೆಯ ಹೆಂಗಸರ ಪಾಲಿಗೆ ಬಂದಿತ್ತು, ಅವರಿಗೆ ಅದರಿಂದ ನಿವೃತ್ತಿ ಇಲ್ಲ. ಹೊರಿಸಿಕೊಳ್ಳುವವರು ಯಾರಾದರೂ ಬೇಕಿದ್ದಾಗ ಒಂದು ಸಲ ನಾನು ಸಿಕ್ಕಿದೆ. ಮೂವತ್ತು ವರ್ಷ ಫೈಲು ಹೊತ್ತು ದಣಿದ ಬೆನ್ನಿಗೆ ಅದೊಂದು ಮಾತ್ರ ಭಾರವೆನಿಸಲಿಲ್ಲ.